ಎರಡೂವರೆ ಪಟ್ಟು

ಕಾಲಮೇಜು ಎಂಬ ಯಂತ್ರ ಬಂದ ಮೇಲೆ ನಮ್ಮ ಕಡೆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವವರು ಕಡಿಮೆಯಾದರು. ಮನೆ ಕಟ್ಟಿಸುವವರು, ಬಾವಿ ತೋಡಿಸುವವರು, ಮಗಳನ್ನು ಕೊಡುವವರು, ಎಲ್ಲರೂ ಮೊದಲು ಕೇಳುವುದು ಕಾಲಪತ್ರವನ್ನು. ಒಂದು ಜಾಗದಲ್ಲಿ ಇನ್ನು ಐವತ್ತು ವರ್ಷ ನೀರು ಎಲ್ಲಿ ಹರಿಯುತ್ತದೆ, ನೆಲ ಎಲ್ಲಿ ಕುಸಿಯುತ್ತದೆ, ಮರ ಎಷ್ಟು ಬೆಳೆಯುತ್ತದೆ ಎಂದು ಮೇಜು ಆಡಿ ತೋರಿಸಿದ್ದನ್ನು ಬರೆದುಕೊಡುವ ಕಾಗದ ಅದು. ಅದಿಲ್ಲದೆ ಒಂದು ಬಡಾವಣೆಗೂ ಪರವಾನಗಿ ಇಲ್ಲವೆಂದು ಸರ್ಕಾರ ಕಾನೂನು ಮಾಡಿತು. ಜನ ಒಂದು ಹೆಜ್ಜೆ ಮುಂದೆ ಹೋಗಿ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ನೇತುಹಾಕಿದರು. ಶುಕ್ರವಾರ ಅದಕ್ಕೂ ಒಂದು ಊದುಬತ್ತಿ ಬೆಳಗುತ್ತಿದ್ದರು. ನಾನು ನಗುತ್ತಿದ್ದೆ. ಆಗ ನಾನು ಯಾವುದಕ್ಕೆ ಬೇಕಾದರೂ ನಗುತ್ತಿದ್ದೆ.

ನನ್ನ ಹೆಸರು ಹುಲಿಗೆಮ್ಮ. ವಿಶ್ವವಿದ್ಯಾಲಯದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ಗೆ ಸೇರಿದ ದಿನವೇ ಗೆಳತಿಯರು ಅದನ್ನು ಕತ್ತರಿಸಿ ‘ಹುಲಿ’ ಮಾಡಿದರು. ಮೂರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಸಾಕಿದವಳು ಅವ್ವನ ತಂಗಿ, ನನ್ನ ಚಿಗವ್ವ ಪಂಪಮ್ಮ. ಅವಳು ಇಪ್ಪತ್ತು ವರ್ಷ ಕಬ್ಬಿಣದ ಅದಿರಿನ ಗಣಿಯಲ್ಲಿ ಕಲ್ಲು ಆರಿಸಿದವಳು. ಎಷ್ಟು ತೊಳೆದರೂ ಅಂಗೈ ಕೆಂಪಾಗಿಯೇ ಇರುತ್ತಿತ್ತು. ನಾನು ಓದುವುದೇನೆಂದು ವಿವರಿಸಲು ಹೋಗಿ ಅವಳ ಕೈಯಲ್ಲಿ ಚೆನ್ನಾಗಿ ಅನ್ನಿಸಿಕೊಂಡಿದ್ದೆ.

“ಅಂದ್ರ ತ್ವಾಟದ ಕೆಲ್ಸ.”

“ತೋಟ ಒಂದೇ ಅಲ್ಲ ಚಿಗವ್ವಾ. ನೆಲಾನ ಹೆಂಗ ತಿದ್ದಬೇಕು, ನೀರನ್ನ ಎತ್ತ ಹರಿಸಬೇಕು, ಅದೂ.”

“ನೀರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ತಾನಾ ಹರಿತೈತಿ. ಇದಕ್ಕ ಐದು ವರ್ಷ ಯಾಕ ಬೇಕವ್ವಾ ನಿಮಗ?”

ಐದು ವರ್ಷ ಯಾಕೆ ಬೇಕೆಂದು ನಮಗೂ ಮೊದಲ ವರ್ಷ ತಿಳಿದಿರಲಿಲ್ಲ. ದಿನವಿಡೀ ಮೌಂಟ್‌ಬೋರ್ಡ್ ಎಂಬ ದಪ್ಪ ರಟ್ಟು ಕತ್ತರಿಸುತ್ತಿದ್ದೆವು. ಸಮ ಎತ್ತರದ ಗೆರೆಗಳನ್ನು ನಕ್ಷೆಯಿಂದ ಎತ್ತಿ, ಒಂದೊಂದು ಗೆರೆಗೆ ಒಂದೊಂದು ಹಾಳೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಗುಡ್ಡ ಮಾಡುವುದು. ಬಣ್ಣ ಹಾಕಿದ ಮರದ ಹೊಟ್ಟು ಹುಲ್ಲು, ಸ್ಪಂಜಿನ ಚೂರು ಮರ. ಎಲ್ಲರ ಬೆರಳಿಗೂ ಒಂದೊಂದು ಪಟ್ಟಿ. ಆ ವರ್ಷವೇ ಕಲಿತ ಇನ್ನೊಂದು ರೂಢಿಯೆಂದರೆ ಎತ್ತರವನ್ನು ಹಿಗ್ಗಿಸುವುದು. ಐನೂರಕ್ಕೆ ಒಂದರ ಅಳತೆಯಲ್ಲಿ ಐದು ಮೀಟರಿನ ದಿಬ್ಬ ಬರೀ ಒಂದು ಸೆಂಟಿಮೀಟರ್ ಆಗುತ್ತದೆ. ಪರೀಕ್ಷೆಗೆ ಬಂದು ನಿಂತ ಪ್ರೊಫೆಸರರ ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಉದ್ದ ಅಗಲವನ್ನು ಹಾಗೇ ಬಿಟ್ಟು ಎತ್ತರವನ್ನು ಮಾತ್ರ ಎರಡೂವರೆ ಪಟ್ಟು ಮಾಡುತ್ತಿದ್ದೆವು. ಹಿರಿಯರು ಮಾಡುತ್ತಿದ್ದರು, ನಾವೂ ಮಾಡಿದೆವು. ಮಾದರಿಯ ಚೀಟಿಯ ಮೇಲೆ ಮಾತ್ರ ಎಲ್ಲರೂ ‘ಅಳತೆ 1:500’ ಎಂದಷ್ಟೇ ಬರೆಯುತ್ತಿದ್ದರು.

ಕಾಲಮೇಜು ಇದ್ದದ್ದು ನಮ್ಮ ವಿಭಾಗದ ನೆಲಮಾಳಿಗೆಯಲ್ಲಿ. ಮೇಜು ಅಂದರೆ ಒಂದು ಕೋಣೆಯಷ್ಟು ದೊಡ್ಡ ಮುಚ್ಚಿದ ಪೆಟ್ಟಿಗೆ. ಅದು ನಮ್ಮ ಮಾದರಿಯನ್ನು ಬೆಳಕಿನ ಕಿರಣದಿಂದ ಅಳೆದು, ತನ್ನದೇ ಒಂದು ಸಾಮಗ್ರಿಯಲ್ಲಿ ಅದೇ ನೆಲವನ್ನು ಮತ್ತೆ ಕಟ್ಟಿಕೊಳ್ಳುತ್ತಿತ್ತು. ಆ ಸಾಮಗ್ರಿಗೆ ನಾವಿಟ್ಟ ಹೆಸರು ರವೆ. ನೋಡಲು ಹಾಗೇ ಇತ್ತು. ವಿದ್ಯುತ್ತು ಹರಿಸಿ ಅದರ ಅಂಟನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು: ಒಮ್ಮೆ ಎರೆಮಣ್ಣಿನ ಹಾಗೆ, ಒಮ್ಮೆ ಮರಳಿನ ಹಾಗೆ, ಒಮ್ಮೆ ಗಣಿಯಿಂದ ಎತ್ತಿ ಸುರಿದ ತ್ಯಾಜ್ಯದ ಹಾಗೆ. ಮೇಲಿನಿಂದ ಮಂಜಿನಂಥ ಹನಿ ಬೀಳುತ್ತಿತ್ತು. ಹದಿಮೂರು ನಿಮಿಷಕ್ಕೆ ಒಂದು ವರ್ಷ. ಬೆಳಿಗ್ಗೆ ಹಾಕಿದರೆ ಸಂಜೆಗೆ ಐವತ್ತು ವರ್ಷ ಮುಗಿದು ಕಾಗದ ಹೊರಗೆ ಬರುತ್ತಿತ್ತು. ಮೊದಲ ಪುಟದಲ್ಲಿ ಹಸಿರು ಅಕ್ಷರದಲ್ಲಿ ‘ಸುರಕ್ಷಿತ’ ಅಥವಾ ಕೆಂಪಿನಲ್ಲಿ ‘ಅಸುರಕ್ಷಿತ’. ಹಿಂದೆ ನಲವತ್ತು ಪುಟ ಅಂಕಿಗಳು. ಆ ನಲವತ್ತು ಪುಟವನ್ನು ಓದಿದ ಒಬ್ಬ ಅಧಿಕಾರಿಯನ್ನೂ ನಾನು ಕಂಡಿಲ್ಲ.

ಮೇಜನ್ನು ನೋಡಿಕೊಳ್ಳುತ್ತಿದ್ದವರು ಗಾದಿಲಿಂಗಪ್ಪ. ನಿವೃತ್ತಿ ಹತ್ತಿರವಾಗಿದ್ದ, ತುಂಬಾ ಅಚ್ಚುಕಟ್ಟಿನ ಮನುಷ್ಯ. ವಿದ್ಯಾರ್ಥಿಗಳು ಎತ್ತರ ಹಿಗ್ಗಿಸಿ ತರುತ್ತಾರೆಂದು ಅವರಿಗೆ ಗೊತ್ತಿತ್ತು. ಮಾದರಿಯನ್ನು ಮೇಜಿಗೆ ಕೊಡುವ ಮುಂಚೆ ಅವರೇ ಎತ್ತರವನ್ನು ಎರಡೂವರೆಯಿಂದ ಭಾಗಿಸಿಬಿಡುತ್ತಿದ್ದರು. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ, ಎಲ್ಲಿಯೂ ಬರೆದಿಟ್ಟದ್ದೂ ಅಲ್ಲ. ನಮ್ಮ ಸೋಮಾರಿತನವನ್ನು ಅವರು ಹೀಗೆ ಸದ್ದಿಲ್ಲದೆ ತಿದ್ದುತ್ತಾ ಬಂದಿದ್ದರು.

ಮೂರನೆಯ ವರ್ಷದ ಸ್ಟುಡಿಯೋ ಯೋಜನೆಗೆ ನಾನು ಆರಿಸಿಕೊಂಡದ್ದು ಬೊಮ್ಮಲಗುಡ್ಡವನ್ನು. ಅದು ದೇವರು ಮಾಡಿದ ಗುಡ್ಡವಲ್ಲ. ಗಣಿಯವರು ಮೂವತ್ತು ವರ್ಷ ಸುರಿದ ಕಸಮಣ್ಣಿನ ರಾಶಿ, ಅರವತ್ತು ಮೀಟರ್ ಎತ್ತರ. ಹೊಸ ಗಣಿಗೆಂದು ನಮ್ಮೂರನ್ನು ಎಬ್ಬಿಸಿದ್ದರು. ಸ್ಫೋಟದಿಂದ ಅಪಾಯವಿದೆ ಎಂದು ಹೇಳಿ ಎಬ್ಬಿಸಿ, ಆಮೇಲೆ ಮನೆಗಳಿದ್ದ ಜಾಗದಲ್ಲೇ ಅದಿರು ತೆಗೆದರು. ನೂರಾ ನಲವತ್ತು ಮನೆಯವರು ತಗಡಿನ ಶೆಡ್ಡಿನಲ್ಲಿದ್ದರು, ಚಿಗವ್ವನೂ ಸೇರಿ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದಿ, ಲಾವಂಚ ಹೊಂಗೆ ಬನ್ನಿ ನೆಟ್ಟು, ಬುಡದಲ್ಲಿ ಒಂದು ಕಟ್ಟೆ ಕಟ್ಟಿ, ಅಲ್ಲೇ ಅವರಿಗೆ ಊರು ಮಾಡಬೇಕೆಂಬುದು ನನ್ನ ಆಸೆ. ನಿಜ ಹೇಳಬೇಕೆಂದರೆ ಚಿಗವ್ವನಿಗೆ ಒಂದು ಮನೆ ಆಗಲೆಂಬ ಆಸೆ.

ಅರವತ್ತು ಮೀಟರಿನ ಗುಡ್ಡ ಐನೂರಕ್ಕೆ ಒಂದರಲ್ಲಿ ಹನ್ನೆರಡು ಸೆಂಟಿಮೀಟರ್ ಆಗುತ್ತದೆ. ಹಿಗ್ಗಿಸುವ ಅಗತ್ಯವೇ ಇರಲಿಲ್ಲ. ಇದ್ದಷ್ಟನ್ನೇ ಇದ್ದ ಹಾಗೆ ತೋರಿಸುತ್ತೇನೆಂಬ ಹಮ್ಮೂ ಸ್ವಲ್ಪ ಇತ್ತು. ನಿಜವಾದ ಎತ್ತರದಲ್ಲೇ ಮಾಡಿದೆ, ಚೀಟಿಯ ಮೇಲೆ ‘ಅಳತೆ 1:500’ ಎಂದು ಬರೆದೆ. ಅಕ್ಕಪಕ್ಕದ ಹಿಗ್ಗಿಸಿದ ಗುಡ್ಡಗಳ ನಡುವೆ ಅದು ಹಿಗ್ಗಿಸಿದ್ದಲ್ಲವೆಂದು ಯಾರಿಗೂ ಕಾಣಲಿಲ್ಲ. ಮೇಜು ಹಸಿರು ಅಕ್ಷರ ಕೊಟ್ಟಿತು. ಜಿಲ್ಲಾಡಳಿತ ಅದನ್ನೇ ಎತ್ತಿಕೊಂಡು ಮುಂದಿನ ಮಳೆಗಾಲದೊಳಗೆ ಊರು ಕಟ್ಟಿತು. ಗೃಹಪ್ರವೇಶದ ದಿನ ಚಿಗವ್ವ ಹೋಳಿಗೆ ಮಾಡಿ, ನನ್ನ ಹೆಸರಿದ್ದ ಕಾಲಪತ್ರಕ್ಕೆ ಕುಂಕುಮ ಹಚ್ಚಿದಳು. ನಾನು ಅಂದು ನಗಲಿಲ್ಲ. ಹೆಮ್ಮೆಯಿಂದ ನಾನೇ ಅದಕ್ಕೆ ಊದುಬತ್ತಿ ಬೆಳಗಿದೆ.

ಜನ ಅಲ್ಲಿ ಎರಡು ಮಳೆಗಾಲ ಕಳೆದರು. ಎರಡೂ ಸಾಧಾರಣ ಮಳೆ.

ಐದನೆಯ ವರ್ಷದ ಮೇ ತಿಂಗಳಲ್ಲಿ, ವಿಭಾಗದ ಮುಖ್ಯಸ್ಥೆ ಇನಾಮದಾರ ಮೇಡಂ ಕಿರಿಯರಿಗೆ ಮಾದರಿಯಾಗಿ ನನ್ನ ಯೋಜನೆಯನ್ನು ವಿವರಿಸಲು ಹೇಳಿದರು. ಆ ನೆವದಲ್ಲಿ ಮೊದಲ ಸಲ ಹಿಂದಿನ ನಲವತ್ತು ಪುಟಗಳನ್ನು ತಿರುವಿದೆ. ಹದಿನೇಳನೆಯ ಪುಟದಲ್ಲಿತ್ತು: ಗರಿಷ್ಠ ಎತ್ತರ, 24 ಮೀಟರ್. ಅಚ್ಚಿನ ತಪ್ಪಿರಬೇಕೆಂದುಕೊಂಡೆ. ಕೆಳಗಿನ ಸಾಲಿನಲ್ಲಿ ಇಳಿಜಾರು ಹದಿನೈದು ಡಿಗ್ರಿ ಎಂದಿತ್ತು. ನಾನು ಹತ್ತಿ ಇಳಿದ ಗುಡ್ಡದ ಇಳಿಜಾರು ಮೂವತ್ನಾಲ್ಕು. ಇಪ್ಪತ್ನಾಲ್ಕನ್ನು ಮನಸ್ಸಿನಲ್ಲೇ ಎರಡೂವರೆಯಿಂದ ಗುಣಿಸಿದೆ: ಅರವತ್ತು.

ನೆಲಮಾಳಿಗೆಗೆ ಓಡಿದೆ. ಗಾದಿಲಿಂಗಪ್ಪ ಡಬ್ಬಿಯಿಂದ ಮಂಡಕ್ಕಿ ತಿನ್ನುತ್ತಾ ಕುಳಿತಿದ್ದರು.

“ಸರ್, ನನ್ನ ಮಾದರೀದು ಎತ್ತರ ಇಳಿಸಿದ್ರಾ?”

“ಎಲ್ಲಾರ್ದೂ ಇಳಸ್ತೀನಲ್ಲವ್ವಾ.”

“ನನ್ನದು ಹಿಗ್ಗಿಸಿದ್ದಲ್ಲ ಸರ್. ಅದು ಇದ್ದಷ್ಟ ಇತ್ತು.”

ಅವರ ಕೈ ಡಬ್ಬಿಯಲ್ಲೇ ನಿಂತಿತು. “ಚೀಟಿಮ್ಯಾಲೆ ಬರೀಬೇಕಿತ್ತಲ್ಲವ್ವಾ,” ಅಂದರು ಮೆಲ್ಲಗೆ. ಐನೂರಕ್ಕೆ ಒಂದು ಎಂದು ಬರೆದದ್ದೇ ಅದನ್ನು ಹೇಳುತ್ತದೆ ಎಂದೆ. ನಿಯಮದ ಪ್ರಕಾರ ನಾನು ಸರಿ, ರೂಢಿಯ ಪ್ರಕಾರ ಅವರು ಸರಿ. ಇಬ್ಬರೂ ಸರಿಯಿದ್ದು ಒಂದು ಊರನ್ನು ಗುಡ್ಡದ ಬಾಯಿಗೆ ಇಟ್ಟಿದ್ದೆವು.

ಹಳೆಯ ಅಳತೆ ಮೇಜಿನ ನೆನಪಿನಲ್ಲಿತ್ತು. ಗಾದಿಲಿಂಗಪ್ಪ ಯಾರನ್ನೂ ಕೇಳದೆ ಅದನ್ನು ನಿಜವಾದ ಎತ್ತರದಲ್ಲಿ ಹಾಕಿದರು. ಪೆಟ್ಟಿಗೆಯ ಒಳಗನ್ನು ತೋರಿಸುವ ಪರದೆಯ ಮುಂದೆ ನಿಂತೆವು. ಮೊದಲ ವರ್ಷ ಹೋಯಿತು, ಎರಡನೆಯದೂ ಹೋಯಿತು. ಮೂವತ್ನಾಲ್ಕನೆಯ ನಿಮಿಷದಲ್ಲಿ, ಅಂದರೆ ಮೂರನೆಯ ವರ್ಷದ ಮಳೆಗಾಲದ ನಡುವೆ, ಮೂರನೆಯ ಮೆಟ್ಟಿಲಿನ ಕೆಳಗೆ ಒಂದು ಕಪ್ಪು ಗೆರೆ ಮೂಡಿತು. ಆಮೇಲೆ ರವೆ ಜಾರಿತು. ಸದ್ದೇ ಇಲ್ಲ. ನಾನು ಹುಣಸೆಬೀಜದಷ್ಟು ಸಣ್ಣದಾಗಿ ಮಾಡಿಟ್ಟಿದ್ದ ಮನೆಗಳ ನಾಲ್ಕು ಸಾಲು ಕಾಣದಾದವು. ನಾಲ್ಕನೆಯ ಸಾಲಿನ ಮೂಲೆಯದು ಚಿಗವ್ವನ ಮನೆ.

ಕೆಂಪು ಅಕ್ಷರದ ಕಾಗದ ಹೊರಬಂತು. ಅದಕ್ಕೆ ವಿಭಾಗದ ಮೊಹರು, ಮೇಡಂ ಅವರ ಸಹಿ, ದಾಖಲೆಯ ಸಂಖ್ಯೆ ಬಿದ್ದರೆ ಮಾತ್ರ ಅದು ಕಾಲಪತ್ರ. ಇಲ್ಲದಿದ್ದರೆ ರದ್ದಿ.

“ಮೊಹರು ನನ್ನತ್ರಾನ ಐತಿ,” ಅಂದರು ಗಾದಿಲಿಂಗಪ್ಪ, ಬಾಗಿಲ ಕಡೆ ನೋಡಿ. “ಒತ್ತಿಕೊಡ್ಲಾ? ಸಹಿ ನಾ ಗೀಚ್ತೀನಿ. ಜನ ನಂಬರ್ ನೋಡಂಗಿಲ್ಲ, ಮೊಹರು ನೋಡ್ತಾರ. ಒಯ್ದು ತೋರಿಸು, ಊರು ಖಾಲಿ ಮಾಡ್ತಾರ.”

ಸುಳ್ಳು ಕಾಲಪತ್ರಕ್ಕೆ ಮೂರು ವರ್ಷ ಜೈಲು. ನನ್ನ ಕೊನೆಯ ಪರೀಕ್ಷೆಗೆ ಮೂರು ವಾರ ಇತ್ತು. “ಬ್ಯಾಡ ಸರ್, ಸರಿಯಾದ ದಾರೀಲೇ ಹೋಗೋಣ,” ಅಂದೆ. ನಿಜ ನನ್ನ ಕಡೆ ಇರುವಾಗ ಕಳ್ಳ ಕಾಗದ ಯಾಕೆ ಬೇಕೆಂದು ಬಹಳ ದೊಡ್ಡದಾಗಿ ಯೋಚಿಸಿದೆ.

ಇನಾಮದಾರ ಮೇಡಂ ಕೆಟ್ಟವರಲ್ಲ. ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

“ಮೊಹರು ಬಿದ್ದ ಕಾಲಪತ್ರ ರದ್ದು ಮಾಡೋ ಅಧಿಕಾರ ನನಗಿಲ್ಲ ಹುಲಿಗೆಮ್ಮ. ಸಮಿತಿ ಕೂಡಬೇಕು. ಇವತ್ತೇ ಬರೀತೀನಿ.”

“ಎಷ್ಟು ದಿನ ಆಗ್ತದ ಮೇಡಂ?”

“ಮೂರು ತಿಂಗಳು. ಅಲ್ಲೀತನಕ ಅಲ್ಲಿ ಹೋಗಿ ಗದ್ದಲ ಮಾಡಬ್ಯಾಡ. ಒಂದು ಪತ್ರ ತಪ್ಪು ಅಂದ್ರ ಎಲ್ಲಾ ಪತ್ರಾನೂ ತಪ್ಪಿರಬಹುದು ಅಂತಾರ ಜನ. ಸಾವಿರಾರು ಮನಿ ಅದಾವ ಇದರ ಮ್ಯಾಲೆ.”

ಅಂದೇ ಬರೆದರು. ನನ್ನೆದುರೇ ಕಳಿಸಿದರು. ಕ್ರಮವಾಗಿ ಪರಿಶೀಲಿಸಲಾಗುವುದು ಎಂಬ ಉತ್ತರ ಎಂಟು ದಿನಕ್ಕೆ ಬಂತು.

ಪರೀಕ್ಷೆ ಮುಗಿದ ಮರುದಿನವೇ ಊರಿಗೆ ಹೋದೆ. ಮೂರು ವಾರ ಕಾದದ್ದು ಯಾಕೆಂದು ಕೇಳಿದರೆ ಉತ್ತರ ಇಷ್ಟೇ, ಪರೀಕ್ಷೆ. ಜೂನ್ ಮಧ್ಯ, ಮೋಡ ಕಟ್ಟುತ್ತಿತ್ತು. ನೀರಿನ ಟಾಕಿಯ ಎದುರು ಜನ ಸೇರಿದರು. ಹೆಣ್ಣುಮಗಳು ಓದಿ ಬಂದಿದ್ದಾಳೆ, ಏನೋ ಹೇಳುತ್ತಾಳಂತೆ ಎಂದು ಖುಷಿಯಿಂದಲೇ ಸೇರಿದರು. ನಾನು ಎತ್ತರ, ಇಳಿಜಾರು, ಎರಡೂವರೆ ಪಟ್ಟು ಎಂದೆಲ್ಲ ಹೇಳಿದೆ. ಮುಖಗಳು ಖಾಲಿಯಾಗಿಯೇ ಇದ್ದವು. ಆಗ ಚಿಗವ್ವನ ಅಡುಗೆಮನೆಯಿಂದ ಉಪ್ಪಿಟ್ಟಿನ ರವೆ ತಂದು, ಎರಡು ತಾಟಿನಲ್ಲಿ ಒಂದು ತಗ್ಗು ರಾಶಿ, ಒಂದು ಚೂಪು ರಾಶಿ ಮಾಡಿ, ಚೊಂಬಿನಿಂದ ನೀರು ಚಿಮುಕಿಸಿದೆ. ಚೂಪು ರಾಶಿ ಜಾರಿ ತಾಟಿನ ಅಂಚು ದಾಟಿತು. ಮಕ್ಕಳು ಕೇಕೆ ಹಾಕಿದರು.

“ಅರ್ಧ ಕಿಲೋ ರವಾ ಹಾಳು ಮಾಡಿದ್ಲಲ್ಲೇ,” ಎಂದು ಯಾರೋ ಹೆಂಗಸು ನಕ್ಕಳು.

ಚಿಗವ್ವನ ಪಕ್ಕದ ಮನೆಯ ಹೊನ್ನೂರಪ್ಪ ಮಾತ್ರ ನಗಲಿಲ್ಲ. ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು, ಊರವರು ಅವನ ಮಾತು ಕೇಳುತ್ತಿದ್ದರು. ಒಳಗೆ ಹೋಗಿ ಕಟ್ಟು ಹಾಕಿದ ಕಾಲಪತ್ರ ತಂದು ನನ್ನ ಮುಂದೆ ಹಿಡಿದ.

“ಇದರಾಗ ಯಾರ ಹೆಸರೈತವ್ವಾ?”

“ನಂದಾ ಮಾವಾ.”

“ಐವತ್ತು ವರ್ಷ ಏನೂ ಆಗಂಗಿಲ್ಲ ಅಂತ ನೀನಾ ಬರದಿ. ಇವತ್ತು ನೀನಾ ಬಂದು ಏಳ್ರಿ ಅಂತಿ. ಮೊದ್ಲೂ ಹಿಂಗಾ ಅಪಾಯ ಐತಿ ಅಂತ ಎಬ್ಬಿಸಿದ್ರು. ನಾವು ಎದ್ವಿ. ನಮ್ಮ ದೇವರ ಮನಿ ಇದ್ದಲ್ಲೇ ಅದಿರು ತಗದ್ರು. ಈ ಸಲ ಯಾರು ಕಳಿಸ್ಯಾರ ನಿನ್ನ?”

“ಯಾರೂ ಕಳಿಸಿಲ್ಲ ಮಾವಾ, ನಾನಾ ಬಂದೀನಿ.”

“ಹಂಗಾರ ಮೊಹರು ಒತ್ತಿದ ಕಾಗ್ದಾ ತೋರ್ಸು, ಈಗಿಂದೀಗ ಗಂಟು ಕಟ್ತೀವಿ.”

ತೋರಿಸಲು ನನ್ನ ಬಳಿ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿಗವ್ವ ತಾಟು ತೊಳೆಯುತ್ತಾ, “ಓದಿ ಓದಿ ತೆಲಿ ಬಿಸಿ ಮಾಡ್ಕೊಂಡಿ. ಎಣ್ಣಿ ಹಚ್ತೀನಿ ಬಾ,” ಅಂದಳು. ನನ್ನೊಂದಿಗೆ ಬಾ ಎಂದು ಅತ್ತೆ, ಕಾಲು ಹಿಡಿದೆ. ನೆರೆಯವರನ್ನು ಬಿಟ್ಟು ತಾನೊಬ್ಬಳೇ ಬರುವುದು ಚಂದವಲ್ಲ ಎಂದಳು.

ಜುಲೈ ಎರಡನೆಯ ವಾರ ಮಳೆ ಹಿಡಿಯಿತು. ನಮ್ಮ ಕಡೆ ಅಷ್ಟು ಮಳೆ ನಾನು ಹುಟ್ಟಿದ ಮೇಲೆ ನೋಡಿಲ್ಲ. ನಾಲ್ಕನೆಯ ದಿನ ನಗರದಿಂದ ಫೋನು ಮಾಡಿ ಚಿಗವ್ವನಿಗೆ ಹೇಳಿದೆ: ನನ್ನ ಹೊಟ್ಟೆಯಲ್ಲಿ ಗಂಟಾಗಿದೆ, ಆಪರೇಷನ್ ಮಾಡುತ್ತಾರಂತೆ, ಜೊತೆಗೆ ಯಾರೂ ಇಲ್ಲ. ಸಂಜೆಯ ಬಸ್ಸಿಗೆ ಬಂದಿಳಿದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹುಲಿಗಿ ಅಮ್ಮನ ಗುಡಿಯ ಅರಿಶಿನ ಭಂಡಾರದ ಪೊಟ್ಟಣ. ಅದನ್ನು ನನ್ನ ಹಣೆಗೆ, ಹೊಟ್ಟೆಗೆ ಹಚ್ಚಿದಳು. ಡಾಕ್ಟರು ರಜೆಯಲ್ಲಿದ್ದಾರೆ, ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎಂದು ನಾನು ದಿನ ತಳ್ಳುತ್ತಿದ್ದೆ. ಅವಳು ನಂಬುತ್ತಿದ್ದಳು. ಗುಡ್ಡದ ಬಗ್ಗೆ ನಾನು ಹೇಳಿದ ನಿಜವನ್ನು ನಂಬದವಳು ಹೊಟ್ಟೆಯ ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದಳು.

ಐದು ದಿನ ಹಾಗೇ ಕಳೆದವು. ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಗಾದಿಲಿಂಗಪ್ಪನವರ ಫೋನು ಬಂತು. ಅವರು ಅಳುತ್ತಲೇ ಹೇಳಿದರು. ಗುಡ್ಡ ಮೂರನೆಯ ಮೆಟ್ಟಿಲಿನ ಕೆಳಗೆ ಒಡೆದು ನಾಲ್ಕು ಸಾಲು ಮನೆಗಳ ಮೇಲೆ ಬಂದಿತ್ತು. ಮಳೆಗೆ ಕೆಲಸಕ್ಕೆ ಹೋಗದೆ ದೊಡ್ಡವರೆಲ್ಲ ಮನೆಯಲ್ಲೇ ಇದ್ದರು.

ಚಿಗವ್ವ ಸೊಪ್ಪನ್ನು ಅಲ್ಲೇ ಬಿಟ್ಟು ಹೊರಟಳು. ನಾನೂ ಹಿಂದೆ ಹೋದೆ. ಮೂರು ದಿನ ಅಗೆದರು. ಐವತ್ತೆಂಟು ಜನ. ಮುಖದ ಕೆಂಪು ಕೆಸರು ತೊಳೆದು ಗುರುತು ಹಿಡಿಯುವ ಕೆಲಸ ಚಿಗವ್ವ ಮಾಡಿದಳು. ಅವಳಿಗೆ ಎಲ್ಲರೂ ಗೊತ್ತಿದ್ದರು. ಹೊನ್ನೂರಪ್ಪ, ಅವನ ಹೆಂಡತಿ, ಮಗ, ಸೊಸೆ ಸಿಕ್ಕರು. ಅಂಗನವಾಡಿಗೆ ಹೋಗಿದ್ದ ನಾಲ್ಕು ವರ್ಷದ ಮೊಮ್ಮಗಳು ಮಾತ್ರ ಉಳಿದಿದ್ದಳು. ಅಗೆಯುವವರ ಸಲಿಕೆಗೆ ಕಟ್ಟು ಹಾಕಿದ ಕಾಲಪತ್ರಗಳು ಮೇಲಿಂದ ಮೇಲೆ ಸಿಗುತ್ತಿದ್ದವು. ಗಾಜು ಒಡೆದಿದ್ದರೂ ಹಸಿರು ಅಕ್ಷರ ಓದಲು ಬರುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ, ಉಳಿದವರನ್ನು ಇರಿಸಿದ್ದ ಶಾಲೆಯ ಜಗುಲಿಯಲ್ಲಿ ಚಿಗವ್ವ ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಎದುರಿಗೆ ಯಾರೋ ಬಡಿಸಿ ಹೋದ ಅನ್ನ. ನನ್ನನ್ನು ನೋಡದೆ ಕೇಳಿದಳು.

“ಹೊಟ್ಯಾಗ ಗಂಟು ಇಲ್ಲ, ಹೌದಲ್ಲ?”

“ಇಲ್ಲ ಚಿಗವ್ವಾ.”

“ಎಲ್ಲಾರ್ಗೂ ಖರೇ ಹೇಳಿದಿ. ನನಗೊಬ್ಬಾಕಿಗೆ ಸುಳ್ಳು ಹೇಳಿದಿ. ನಾ ಉಳದೆ.” ಮಗುವಿನ ಕೂದಲನ್ನು ಹಿಂದಕ್ಕೆ ಸವರಿದಳು. “ಊರಿಗೆಲ್ಲ ಒಂದು ಸುಳ್ಳು ಹೇಳಾಕ ನಿನಗ ಏನಾಗಿತ್ತು?”

ಗಾದಿಲಿಂಗಪ್ಪ ಮೊಹರು ಒತ್ತಿಕೊಡುತ್ತೇನೆಂದದ್ದನ್ನೂ ನಾನು ಬೇಡವೆಂದದ್ದನ್ನೂ ಹೇಳಿದೆ. ಅವಳ ಎದುರು ಇನ್ನೊಂದು ಸುಳ್ಳು ಹೇಳುವ ಧೈರ್ಯ ಉಳಿದಿರಲಿಲ್ಲ.

“ಸಿಕ್ಕಿಬಿದ್ದಿದ್ರ ಡಿಗ್ರಿ ಹೋಗ್ತಿತ್ತು ಚಿಗವ್ವಾ.”

ಅವಳು ತಲೆಯಾಡಿಸಿದಳು. ಆ ಮಾತು ಅವಳಿಗೆ ಅರ್ಥವಾಗಿತ್ತು. ಇಪ್ಪತ್ತು ವರ್ಷ ಕಲ್ಲು ಆರಿಸಿ ನನ್ನನ್ನು ಓದಿಸಿದವಳು ಅವಳು.

“ಬಂತೇನು?”

“ನಿನ್ನೆ ಬಂತು ಫಲಿತಾಂಶ. ಮೊದಲನೇ ದರ್ಜೆ.”

“ಚಲೋ ಆತು,” ಅಂದಳು ಚಿಗವ್ವ, ಮತ್ತು ಅನ್ನ ಕಲಸಿ ಮಗುವಿನ ಬಾಯಿಗೆ ಒಂದು ತುತ್ತು ಇಟ್ಟಳು.